ಕೋನಿ ಐಲೆಂಡಿನ ಹುಡುಗ, ಬೀಜಿಂಗಿನ ಕಂಚಿನ ಪ್ರತಿಮೆ

ಈ ಬರಹದ ವಿಷಯವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ನಗುವುದು ಖಂಡಿತ. ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನವನ್ನು ಬೋಧಿಸಿದ, ಆಟದ ಪೀರಿಯಡ್ಡನ್ನು ಕಸಿದುಕೊಂಡು ಮಕ್ಕಳ ಕೈಯಲ್ಲಿ ಭೂಪಟ ಬರೆಸುತ್ತಿದ್ದ ಈ ಮೇಷ್ಟರಿಗೂ ಬ್ಯಾಸ್ಕೆಟ್‌ಬಾಲಿಗೂ ಏನು ಸಂಬಂಧ! ಸಂಬಂಧವೇನೂ ಇರಲಿಲ್ಲ. ಅದನ್ನು ತಂದುಹಾಕಿದವನು ನನ್ನ ಮೊಮ್ಮಗ.

2023ರ ಬೇಸಗೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆವು. ಮೊಮ್ಮಗನಿಗೆ ಆಗ ಹದಿನಾಲ್ಕು. ಮೂರು ಹೊತ್ತೂ ಅವನ ಕೈಯಲ್ಲಿ ಆ ಕಿತ್ತಳೆ ಬಣ್ಣದ ಚೆಂಡು. ಒಂದು ಭಾನುವಾರ ನಮ್ಮನ್ನೆಲ್ಲ ನ್ಯೂಯಾರ್ಕಿನ ಕೋನಿ ಐಲೆಂಡಿಗೆ ಕರೆದೊಯ್ದರು. ಹೆಸರಿನಲ್ಲಿ ದ್ವೀಪವಿದ್ದರೂ ಅದು ಬ್ರೂಕ್ಲಿನ್ನಿನ ದಕ್ಷಿಣ ತುದಿಗೆ ಅಂಟಿಕೊಂಡಿರುವ ಕಡಲತೀರ. ಮರಳ ದಂಡೆ, ಹಲಗೆ ಹಾಸಿದ ಉದ್ದನೆಯ ಕಾಲುದಾರಿ, 1927ರಿಂದ ಓಡುತ್ತಿರುವ ಮರದ ರೋಲರ್ ಕೋಸ್ಟರ್ ಎಲ್ಲವೂ ಇವೆ. ನಮ್ಮ ಜಾತ್ರೆಯ ಗಲಾಟೆಯೇ. ಆದರೆ ಜಾತ್ರೆಯಿಂದ ಸ್ವಲ್ಪ ಪಶ್ಚಿಮಕ್ಕೆ ನಡೆದರೆ ನೋಟವೇ ಬೇರೆ. ಸರ್ಕಾರ ಬಡವರಿಗಾಗಿ ಕಟ್ಟಿಸಿದ ಎತ್ತರೆತ್ತರದ ಇಟ್ಟಿಗೆ ಬಣ್ಣದ ವಸತಿ ಗೋಪುರಗಳು ಸಾಲಾಗಿ ನಿಂತಿವೆ.

"ತಾತಾ, ಸ್ಟೆಫಾನ್ ಮಾರ್ಬರಿ ಇಲ್ಲೇ ಹುಟ್ಟಿದ್ದು" ಎಂದ ಮೊಮ್ಮಗ. ಯಾರವನು ಎಂದೆ. ಫೋನಿನಲ್ಲಿ ಒಂದು ಹಳೆಯ ವಿಡಿಯೋ ತೋರಿಸಿದ. ಅದರಲ್ಲೊಬ್ಬ ಕಟ್ಟುಮಸ್ತಾದ ಕಪ್ಪು ಯುವಕ ಕ್ಯಾಮೆರಾದ ಮುಂದೆ ಕುಳಿತು ವ್ಯಾಸಲೀನನ್ನು ಬೆರಳಿನಲ್ಲಿ ತೆಗೆದು ನುಂಗುತ್ತಿದ್ದ! "ತಲೆ ಕೆಟ್ಟಿತ್ತು ಇವನಿಗೆ. ಆಮೇಲೆ ಚೀನಾಕ್ಕೆ ಹೋಗಿ ದೊಡ್ಡ ಹೀರೋ ಆದ. ಬೀಜಿಂಗ್‌ನಲ್ಲಿ ಅವನ ಸ್ಟ್ಯಾಚ್ಯೂ ಇದೆ ತಾತಾ" ಎಂದು ನಕ್ಕ.

ತಲೆ ಕೆಟ್ಟವನಿಗೆ ಪ್ರತಿಮೆ ಹೇಗೆ ಬಂತು? ಇತಿಹಾಸದ ಮೇಷ್ಟರಿಗೆ ಇಷ್ಟು ಸಾಕು. ಆ ರಾತ್ರಿಯೇ ಮೊಮ್ಮಗನೊಂದಿಗೆ ಕುಳಿತು ಈತನ ಮೇಲಿನ ಸಾಕ್ಷ್ಯಚಿತ್ರವನ್ನು ನೋಡಿದೆ. ಅನಂತರ ಸಿಕ್ಕಿದ್ದನ್ನೆಲ್ಲ ಓದಿದೆ. ಊರಿಗೆ ಮರಳಿದ ಮೇಲೂ ಈ ಮನುಷ್ಯ ನನ್ನನ್ನು ಬಿಡಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಮಾರ್ಬರಿ ಹುಟ್ಟಿದ್ದು 1977ರ ಫೆಬ್ರವರಿ 20ರಂದು, ಏಳು ಮಕ್ಕಳಲ್ಲಿ ಆರನೆಯವನಾಗಿ. ಮೂವರು ಅಣ್ಣಂದಿರೂ ಒಬ್ಬರ ಹಿಂದೊಬ್ಬರು ಬ್ಯಾಸ್ಕೆಟ್‌ಬಾಲನ್ನೇ ನಂಬಿದವರು. ಮೂವರೂ ಕಾಲೇಜು ತಂಡದವರೆಗೆ ಹೋದರು. ಎನ್‌ಬಿಎ ಎಂಬ ಆ ದೊಡ್ಡ ವೃತ್ತಿಪರ ಲೀಗನ್ನು ಮುಟ್ಟಲು ಒಬ್ಬರಿಂದಲೂ ಆಗಲಿಲ್ಲ. ತಂದೆಗೆ ಮಕ್ಕಳ ಆಟವೆಂದರೆ ಪ್ರಾಣ. ನಮ್ಮಲ್ಲಿ ದೊಡ್ಡ ಮಗ ಡಾಕ್ಟರಾಗದಿದ್ದರೆ ಎರಡನೆಯವನು, ಅವನೂ ಆಗದಿದ್ದರೆ ಮೂರನೆಯವನು ಎಂದು ಕಾಯುವ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಆ ಮನೆಯಲ್ಲಿ ಮೂವರು ಸೋತ ಮೇಲೆ ಉಳಿದ ಭಾರವೆಲ್ಲ ನಾಲ್ಕನೆಯ ಹುಡುಗನ ಹೆಗಲಿಗೆ ಬಿತ್ತು. ಡಾರ್ಸಿ ಫ್ರೇ ಎಂಬ ಲೇಖಕ 1994ರಲ್ಲಿ ಪ್ರಕಟಿಸಿದ 'ದಿ ಲಾಸ್ಟ್ ಶಾಟ್' ಎಂಬ ಪುಸ್ತಕದಲ್ಲಿ ಕೋನಿ ಐಲೆಂಡಿನ ಲಿಂಕನ್ ಹೈಸ್ಕೂಲಿನ ಆಟಗಾರರ ಕಥೆ ಇದೆ. ಅದರಲ್ಲಿ ಮಾರ್ಬರಿ ಇನ್ನೂ ಹೊಸದಾಗಿ ಹೈಸ್ಕೂಲು ಸೇರಿದ ಹುಡುಗ. ಆದರೂ ದೊಡ್ಡವರೆಲ್ಲ ಅವನ ಮೇಲೆ ಕಣ್ಣಿಟ್ಟಾಗಿತ್ತು. ಆ ವಸತಿ ಗೋಪುರಗಳ ನಡುವಿನ ಆಟದ ಅಂಗಣಕ್ಕೆ ಅಲ್ಲಿನವರು 'ಗಾರ್ಡನ್' ಎಂದೇ ಹೆಸರಿಟ್ಟಿದ್ದರು. ನಗರದ ನಡುವಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಮಹಾ ಕ್ರೀಡಾಂಗಣವನ್ನು ನೆನೆದು ಇಟ್ಟ ಹೆಸರದು.

ಹುಡುಗ ಗೆದ್ದ. ಜಾರ್ಜಿಯಾ ಟೆಕ್‌ನಲ್ಲಿ ಒಂದೇ ವರ್ಷ ಆಡಿ, 1996ರಲ್ಲಿ ಎನ್‌ಬಿಎ ಆಯ್ಕೆಯಲ್ಲಿ ನಾಲ್ಕನೆಯವನಾಗಿ ಆರಿಸಲ್ಪಟ್ಟ. ಮಿನೆಸೋಟ, ನ್ಯೂಜೆರ್ಸಿ, ಫೀನಿಕ್ಸ್ ತಂಡಗಳನ್ನು ಹಾದು 2004ರ ಜನವರಿಯಲ್ಲಿ ಹುಟ್ಟೂರಿನ ನ್ಯೂಯಾರ್ಕ್ ನಿಕ್ಸ್ ತಂಡಕ್ಕೇ ಬಂದು ಸೇರಿದ. ಬಡವರ 'ಗಾರ್ಡನ್'ನಿಂದ ನಿಜವಾದ 'ಗಾರ್ಡನ್'ಗೆ! ಅದೇ ವರ್ಷದ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ವಿರುದ್ಧ 31 ಅಂಕ ಗಳಿಸಿದ. ಆ ಕಾಲಕ್ಕೆ ಅದು ಅಮೆರಿಕದ ಒಲಿಂಪಿಕ್ ದಾಖಲೆ. ಆದರೆ ದೇಶಕ್ಕೆ ಸಿಕ್ಕಿದ್ದು ಕಂಚು ಮಾತ್ರ. ಅವನ ವೃತ್ತಿಯೂ ಹಾಗೆಯೇ. ಎನ್‌ಬಿಎಯಲ್ಲಿ ಪಂದ್ಯಕ್ಕೆ ಸರಾಸರಿ 19.3 ಅಂಕ, 7.6 ಅಸಿಸ್ಟ್. ಅಸಿಸ್ಟ್ ಎಂದರೆ ಜೊತೆಗಾರನಿಗೆ ಚೆಂಡು ಕೊಟ್ಟು ಅಂಕ ಮಾಡಿಸುವುದು. ಇಷ್ಟಾದರೂ ಅವನಿದ್ದ ತಂಡ ಮೇಲೇರುವುದಿಲ್ಲ, ಅವನು ಬಿಟ್ಟ ಮೇಲೆ ಏರುತ್ತದೆ ಎಂಬ ಮಾತು ಹುಟ್ಟಿತು. ಸ್ವಾರ್ಥಿ, ಜಗಳಗಂಟ, ತಂಡಕ್ಕೆ ಒಗ್ಗದವನು ಎಂದು ಪತ್ರಿಕೆಗಳು ಬರೆದವು. ಈ ಮಾತಿನಲ್ಲಿ ಹುರುಳೇ ಇರಲಿಲ್ಲವೆಂದು ನಾನೇನೂ ವಾದಿಸುವುದಿಲ್ಲ.

ಅವನ ಬೂಟಿನ ಕಥೆಯನ್ನು ಮಾತ್ರ ಬಿಡಲಾರೆ. ಅಮೆರಿಕದಲ್ಲಿ ಹೆಸರಾಂತ ಆಟಗಾರರ ಹೆಸರಿನ ಬೂಟುಗಳಿಗೆ ನೂರು, ನೂರೈವತ್ತು ಡಾಲರ್ ಬೆಲೆ. ಬಡ ಮಕ್ಕಳು ಅದಕ್ಕಾಗಿ ತಾಯಂದಿರನ್ನು ಪೀಡಿಸುತ್ತಾರೆ. 2006ರಲ್ಲಿ ಮಾರ್ಬರಿ 'ಸ್ಟಾರ್ಬರಿ' ಎಂಬ ಬೂಟನ್ನು ಮಾರುಕಟ್ಟೆಗೆ ತಂದ. ಬೆಲೆ 14 ಡಾಲರ್ 98 ಸೆಂಟ್. ತಾನೂ ಅದನ್ನೇ ತೊಟ್ಟು ಎನ್‌ಬಿಎ ಪಂದ್ಯಗಳನ್ನು ಆಡಿದ. ನಮ್ಮ ಶಾಲೆಯಲ್ಲಿ ಬಿಳಿ ಕ್ಯಾನ್ವಾಸ್ ಶೂ ಇಲ್ಲದ ಕಾರಣಕ್ಕೆ ಗಣರಾಜ್ಯೋತ್ಸವದ ಕವಾಯತಿನಲ್ಲಿ ಹಿಂದಿನ ಸಾಲಿಗೆ ತಳ್ಳಲ್ಪಟ್ಟವರು ಇದನ್ನು ಓದುತ್ತಿದ್ದರೆ, ಈ 'ಸ್ವಾರ್ಥಿ'ಯ ಕೆಲಸ ಎಷ್ಟು ತೂಕದ್ದೆಂದು ಅವರಿಗೆ ನಾನು ಹೇಳಬೇಕಾಗಿಲ್ಲ. ಅದನ್ನು ಮಾರುತ್ತಿದ್ದ ಅಂಗಡಿಗಳ ಕಂಪನಿ 2008ರಲ್ಲಿ ದಿವಾಳಿಯಾಯಿತು.

ಆ ಹೊತ್ತಿಗೆ ಅವನೂ ಒಂದು ರೀತಿಯಲ್ಲಿ ದಿವಾಳಿಯಾಗಿದ್ದ. 2007ರ ನವೆಂಬರಿನಲ್ಲಿ ತರಬೇತುದಾರ ಐಸೈಯಾ ಥಾಮಸ್‌ರೊಂದಿಗೆ ಜಗಳವಾಡಿ ತಂಡವನ್ನು ಬಿಟ್ಟು ಮನೆಗೆ ಹೊರಟುಹೋದ, ಮತ್ತೆ ಬಂದ. ಡಿಸೆಂಬರ್ 2ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಂದ್ಯ. ನೋಡಲು ಬಂದಿದ್ದ ತಂದೆಗೆ ಅಲ್ಲಿಯೇ ಎದೆನೋವು ಬಂತು. ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ಮಗನಿಗೆ ತಿಳಿದದ್ದು ಪಂದ್ಯ ಮುಗಿದ ಮೇಲೆ. ಮರುವರ್ಷ ಬಂದ ಹೊಸ ತರಬೇತುದಾರ ಅವನನ್ನು ಅಂಗಣಕ್ಕೇ ಇಳಿಸಲಿಲ್ಲ. ವರ್ಷಕ್ಕೆ ಎರಡು ಕೋಟಿ ಡಾಲರಿಗೂ ಮಿಗಿಲಾದ ಸಂಬಳ ಕೊಟ್ಟು ಸುಮ್ಮನೆ ಕೂರಿಸಿದರು. 2009ರಲ್ಲಿ ಬಾಸ್ಟನ್ ತಂಡದಲ್ಲಿ ಕೆಲವು ತಿಂಗಳು ಆಡಿದ್ದೇ ಕೊನೆ. ಆ ಬೇಸಗೆಯಲ್ಲಿಯೇ ಅವನು ಇಂಟರ್ನೆಟ್ಟಿನಲ್ಲಿ ಇಪ್ಪತ್ತನಾಲ್ಕು ಗಂಟೆ ನೇರ ಪ್ರಸಾರಕ್ಕೆ ಕುಳಿತದ್ದು. ಅತ್ತದ್ದು, ವ್ಯಾಸಲೀನು ತಿಂದದ್ದು. ಇಡೀ ದೇಶ ನಕ್ಕಿತು. ಸಾಯಬೇಕೆನ್ನಿಸುತ್ತಿತ್ತು ಎಂದು ಆ ದಿನಗಳ ಬಗ್ಗೆ ಮುಂದೆ ಅವನೇ ಟಿವಿ ಸಂದರ್ಶನದಲ್ಲಿ ಹೇಳಿಕೊಂಡ.

ಸಾಕ್ಷ್ಯಚಿತ್ರ ಈ ಘಟ್ಟಕ್ಕೆ ಬಂದಾಗ ಮೊಮ್ಮಗ ನಗಲಿಲ್ಲ. ನನಗೋ ಆ ಪರದೆಯ ಮೇಲೆ ಬೇರೆಯೇ ಒಂದು ಮುಖ ಕಾಣತೊಡಗಿತ್ತು.

ಮಾರ್ಬರಿ ಎನ್‌ಬಿಎಗೆ ಸೇರಿದ 1996ರಲ್ಲಿಯೇ, ಜೂನ್ ತಿಂಗಳಿನಲ್ಲಿ, ಒಂಬತ್ತನೆಯ ತರಗತಿ ಮುಗಿಸಿದ್ದ ಒಬ್ಬ ಹುಡುಗನ ವರ್ಗಾವಣೆ ಪತ್ರವನ್ನು ನಾನು ತುಂಬಿದೆ. ಒಳ್ಳೆಯ ಕಬಡ್ಡಿ ಆಟಗಾರ. ಆ ವರ್ಷ ಅವನು ಕೈಗೆ ಸಿಗದವನಾಗಿಬಿಟ್ಟಿದ್ದ. ತಡವಾಗಿ ಬರುವುದು, ಎದುರು ಮಾತನಾಡುವುದು. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೆದುರು ದೈಹಿಕ ಶಿಕ್ಷಕರಿಗೆ ತಿರುಗಿ ಉತ್ತರ ಕೊಟ್ಟು ಗೇಟು ದಾಟಿ ಹೋದದ್ದೂ ಉಂಟು. ಅವನ ತಾಯಿ ತವರೂರಿಗೆ ಹೋಗಿ ನೆಲೆಸುವುದಾಗಿ ಹೇಳಿ ಟಿ.ಸಿ. ಕೇಳಲು ಬಂದರು. ತರಗತಿಯ ಶಿಕ್ಷಕನಾಗಿ 'ನಡತೆ' ಎಂಬ ಅಂಕಣದಲ್ಲಿ ನಾನು 'ತೃಪ್ತಿಕರವಾಗಿಲ್ಲ' ಎಂದು ಬರೆದೆ. ಗುಮಾಸ್ತರು, "ಹೋಗೋ ಹುಡುಗ, 'ಉತ್ತಮ' ಅಂತ ಹಾಕ್ಬಿಡಿ ಸಾರ್" ಎಂದರು. "ಸುಳ್ಳು ಬರೀಲೇನ್ರೀ?" ಎಂದು ಕೇಳಿದೆ. ತಾಯಿಗೆ ಓದು ಬರುತ್ತಿರಲಿಲ್ಲ. ಕಾಗದವನ್ನು ಮಡಿಸಿ ಸೆರಗಿನ ಗಂಟಿಗೆ ಸೇರಿಸಿದರು. ಹುಡುಗ ಅದನ್ನು ಬಿಡಿಸಿ ಓದಿದ, ಮತ್ತೆ ಮಡಿಸಿ ತಾಯಿಯ ಕೈಗೇ ಕೊಟ್ಟ.

ಅವನ ತಂದೆ ತೀರಿಕೊಂಡಿದ್ದು ಹಿಂದಿನ ಅಕ್ಟೋಬರಿನಲ್ಲಿ. ನನಗದು ತಿಳಿಯದ ವಿಷಯವಲ್ಲ. ಅವರ ಮನೆಗೆ ಹೋಗಿ ಮಾತನಾಡಿಸಿಕೊಂಡು ಬಂದವನೇ ನಾನು. ಆದರೂ ಆ ಅಕ್ಟೋಬರನ್ನೂ ಈ ಜೂನನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಯೋಚಿಸಲು ನನಗೆ ಇಪ್ಪತ್ತೇಳು ವರ್ಷ ಬೇಕಾಯಿತು. ಅದೂ ಎಲ್ಲಿಯೋ ನ್ಯೂಜೆರ್ಸಿಯ ಸೋಫಾದ ಮೇಲೆ ಕುಳಿತು.

ಇರಲಿ, ಚೀನಾಕ್ಕೆ ಬರೋಣ.

2010ರ ಜನವರಿಯಲ್ಲಿ ಮಾರ್ಬರಿ ಶಾನ್ಷಿ ಪ್ರಾಂತ್ಯದ ತೈಯುವಾನ್ ನಗರಕ್ಕೆ ಹೋಗಿಳಿದ. ಶಾನ್ಷಿ ಎಂದರೆ ಚೀನಾದ ಕಲ್ಲಿದ್ದಲ ಕಣಜ. ನಾನೇ ಭೂಗೋಳದ ಪಾಠದಲ್ಲಿ ನಿಮ್ಮ ಕೈಯಲ್ಲಿ ಉರು ಹೊಡೆಸಿದ್ದೇನೆ, ನೆನಪಿರಬಹುದು. ಕೊರೆಯುವ ಚಳಿ, ಹೊಗೆ ಕವಿದ ಆಕಾಶ. ಅಲ್ಲಿಯ 'ಬ್ರೇವ್ ಡ್ರ್ಯಾಗನ್ಸ್' ತಂಡದ ಹಿಂದಿನ ಋತುವಿನ ಕಥೆಯನ್ನು ಜಿಮ್ ಯಾರ್ಡ್ಲಿ ಎಂಬ ಅಮೆರಿಕನ್ ಪತ್ರಕರ್ತ ಅದೇ ಹೆಸರಿನ ಪುಸ್ತಕದಲ್ಲಿ ಬರೆದಿದ್ದಾರೆ. ತಂಡದ ಮಾಲೀಕನೇ ಆಟದ ನಡುವೆ ತಲೆಹಾಕುವುದು, ತರಬೇತುದಾರನನ್ನು ಮೂಲೆಗೊತ್ತುವುದು, ದಿನಕ್ಕೆ ಹಲವು ಗಂಟೆಗಳ ದಣಿಸುವ ಅಭ್ಯಾಸ ಎಲ್ಲವೂ ಅದರಲ್ಲಿವೆ. ಚೀನಾ ಲೀಗಿನಲ್ಲಿ ಒಂದು ತಂಡಕ್ಕೆ ಸಾಮಾನ್ಯವಾಗಿ ಇಬ್ಬರೇ ವಿದೇಶಿಯರು. ಅವರು ಎಷ್ಟು ಹೊತ್ತು ಅಂಗಣದಲ್ಲಿರಬಹುದು ಎಂಬುದಕ್ಕೂ ನಿಯಮವಿತ್ತು. ಅಮೆರಿಕದಿಂದ ಹೀಗೆ ಹೊರದೇಶಗಳಿಗೆ ಹೋಗುವ ಆಟಗಾರರು ಬಹಳ. ಇಟಲಿ, ಟರ್ಕಿ, ಇಸ್ರೇಲ್, ಫಿಲಿಪ್ಪೀನ್ಸ್ ಎಂದು ಎಲ್ಲಿ ಕರೆ ಬಂದರೆ ಅಲ್ಲಿಗೆ, ಒಂದು ಋತುವಿನ ಮಟ್ಟಿಗೆ ಹೋಗುತ್ತಾರೆ. ಸೋತರೆ ಮೊದಲು ಮನೆಗೆ ಕಳುಹಿಸುವುದು ಇವರನ್ನೇ. ಒಂದು ರೀತಿಯಲ್ಲಿ ಗುತ್ತಿಗೆ ಶಿಕ್ಷಕರ ಪಾಡು.

ಮಾರ್ಬರಿಯೂ ಬಂದದ್ದು ಹಾಗೆಯೇ. ತನ್ನ ಬೂಟನ್ನು ಚೀನಾದಲ್ಲಿ ಮಾರುವ ಆಸೆಯೂ ಇತ್ತು. ಆದರೆ ತೈಯುವಾನ್ ವಿಮಾನ ನಿಲ್ದಾಣದಲ್ಲಿ ಜನ ಸೇರಿ ಕೂಗಿ ಸ್ವಾಗತಿಸಿದರು. ಸ್ವದೇಶದಲ್ಲಿ ಎರಡು ವರ್ಷ ಬರಿಯ ಮೂದಲಿಕೆಯನ್ನೇ ಕೇಳಿದ ಕಿವಿಗೆ ಅರ್ಥವಾಗದ ಆ ಭಾಷೆಯ ಕೂಗು ಹೇಗೆ ಕೇಳಿಸಿತೋ! ಆ ಮಾಲೀಕನೊಂದಿಗೆ ಬಾಳಿಕೆ ಬರಲಿಲ್ಲ. ಮರುವರ್ಷ ದಕ್ಷಿಣದ ಫೋಶಾನ್ ತಂಡದಲ್ಲಿ ಆಡಿದ. ಅಲ್ಲಿಗೇ ಕಥೆ ಮುಗಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

2011ರಲ್ಲಿ ಬೀಜಿಂಗ್ ಡಕ್ಸ್ ಕರೆಯಿತು. ಷೋಗಾಂಗ್ ಎಂಬ ಉಕ್ಕಿನ ಕಾರ್ಖಾನೆಯ ಹೆಸರು ಹೊತ್ತ ತಂಡ ಅದು; ರಾಜಧಾನಿಯದಾದರೂ ಲೀಗಿನ ಪಟ್ಟವನ್ನು ಒಮ್ಮೆಯೂ ಗೆದ್ದಿರಲಿಲ್ಲ. ತರಬೇತುದಾರರು ಮಿನ್ ಲುಲೇ. ಅಮೆರಿಕದಲ್ಲಿ ತರಬೇತುದಾರರೊಂದಿಗೆ ಹೊಂದದವನು ಎನ್ನಿಸಿಕೊಂಡವನು ಇವರ ಕೈಕೆಳಗೆ ಹಲವು ವರ್ಷ ಆಡಿದ. ಮೊದಲ ಹದಿಮೂರು ಪಂದ್ಯಗಳನ್ನು ತಂಡ ಸೋಲಿಲ್ಲದೆ ಗೆದ್ದಿತು. ಸೆಮಿಫೈನಲ್ಲಿನಲ್ಲಿ ಎದುರಾದದ್ದು ಅವನನ್ನು ಮೊದಲು ಕರೆತಂದ ಶಾನ್ಷಿ ತಂಡವೇ. ಅದನ್ನು ದಾಟಿ ಬಂದರೆ ಫೈನಲ್ಲಿನಲ್ಲಿ ಗುವಾಂಗ್‌ಡಾಂಗ್, ಸತತ ನಾಲ್ಕು ವರ್ಷ ಪಟ್ಟ ಬಿಟ್ಟುಕೊಡದ ತಂಡ. 2012ರ ಮಾರ್ಚ್ 30ರಂದು ಐದನೆಯ ಪಂದ್ಯ. ಬೀಜಿಂಗ್ 124, ಗುವಾಂಗ್‌ಡಾಂಗ್ 121. ಮಾರ್ಬರಿ ಒಬ್ಬನೇ ಗಳಿಸಿದ್ದು 41. ಸರಣಿ 4-1.

ಆ ರಾತ್ರಿಯ ದೃಶ್ಯವನ್ನು ನಾನು ಎರಡು ಮೂರು ಬಾರಿ ನೋಡಿದ್ದೇನೆ. ಗೆದ್ದ ಮೇಲೆ ಅವನು ಅಳುತ್ತಾನೆ. ಮೂರು ವರ್ಷದ ಹಿಂದೆ ಕ್ಯಾಮೆರಾದ ಮುಂದೆ ಅತ್ತವನೂ ಇವನೇ. ಅಳುವಾಗ ಮುಖ ಕೂಡ ಅದೇ.

ಅದೇ ವರ್ಷ ಬೀಜಿಂಗಿನ ವೂಕಸೋಂಗ್ ಕ್ರೀಡಾಂಗಣದ ಹೊರಗೆ ಅವನ ಕಂಚಿನ ಪ್ರತಿಮೆ ನಿಂತಿತು. 2008ರ ಒಲಿಂಪಿಕ್ಸ್‌ನ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ನಡೆದ ಜಾಗ ಅದು. 2014ರಲ್ಲಿ ಮತ್ತೆ ಪಟ್ಟ, 2015ರಲ್ಲಿ ಮತ್ತೆ. ಮೂರನೆಯ ಬಾರಿ ಫೈನಲ್ಲಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವನಿಗೇ. ಬೀಜಿಂಗ್ ನಗರ ಗೌರವ ನಾಗರಿಕತ್ವವಿತ್ತಿತು. ಸರ್ಕಾರ ಶಾಶ್ವತ ನಿವಾಸದ ಪರವಾನಗಿ ಕೊಟ್ಟಿತು. ವಿದೇಶಿಯರಿಗೆ ಅದು ಸುಲಭವಾಗಿ ಸಿಗುವಂಥದ್ದಲ್ಲ. 2014ರಲ್ಲಿ 'ನಾನು ಮಾರ್ಬರಿ' ಎಂಬ ಸಂಗೀತ ನಾಟಕವೇ ರಂಗಕ್ಕೇರಿತು, ಅವನ ಪಾತ್ರದಲ್ಲಿ ಅವನೇ ನಟಿಸಿದ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಅಲ್ಲಿನ ಜನ ಅವನಿಗಿಟ್ಟ ಅಡ್ಡಹೆಸರು, 'ಮಾ ಚೆಂಗ್‌ವೇ'. 'ಮಾ' ಎಂಬುದು ಅವನ ಚೀನೀ ಹೆಸರಿನ ಮೊದಲಕ್ಷರ. 'ಚೆಂಗ್‌ವೇ' ಎಂದರೆ ಚೀನೀ ಸೈನ್ಯದಲ್ಲಿ ಸೈನಿಕರ ಮನೋಬಲವನ್ನೂ ರಾಜಕೀಯ ಶಿಕ್ಷಣವನ್ನೂ ನೋಡಿಕೊಳ್ಳುವ ಅಧಿಕಾರಿ. ಜೊತೆ ಆಟಗಾರರನ್ನು ಸುತ್ತ ಸೇರಿಸಿಕೊಂಡು ಹುರಿದುಂಬಿಸುವುದನ್ನೂ, ತಂಡದ ಮಾತನ್ನೇ ಆಡುವುದನ್ನೂ ಕಂಡು ಅಭಿಮಾನಿಗಳು ತಮಾಷೆಯೂ ಪ್ರೀತಿಯೂ ಬೆರೆತ ಈ ಪದವಿಯನ್ನು ದಯಪಾಲಿಸಿದರು. ನ್ಯೂಯಾರ್ಕಿನಲ್ಲಿ 'ತಂಡಕ್ಕೆ ಮಾರಿ' ಎನ್ನಿಸಿಕೊಂಡವನು ಬೀಜಿಂಗಿನಲ್ಲಿ ತಂಡದ ಮೇಷ್ಟರಾದ ಎನ್ನಿ! ಅವನಾದರೂ ಚೀನೀ ಭಾಷೆಯನ್ನು ಅರೆದು ಕುಡಿದವನಲ್ಲ. ಹೆಚ್ಚಿನ ಮಾತೆಲ್ಲ ದುಭಾಷಿಯ ಮೂಲಕವೇ. ಆದರೆ ಬೀಜಿಂಗಿನ ಮೆಟ್ರೋದಲ್ಲಿ ಜನರ ನಡುವೆ ಸಾಮಾನ್ಯನಂತೆ ಓಡಾಡಿದ. ಋತು ಮುಗಿದೊಡನೆ ಪೆಟ್ಟಿಗೆ ಕಟ್ಟುವ ಗುತ್ತಿಗೆಯವನಾಗಿ ಉಳಿಯಲಿಲ್ಲ.

ಬದಲಾದದ್ದು ಮನುಷ್ಯನೋ, ಸ್ಥಳವೋ? ಮೊಮ್ಮಗ ಕೇಳಿದ ಪ್ರಶ್ನೆ ಇದು. ಚೀನಾ ಲೀಗಿನ ಮಟ್ಟ ಎನ್‌ಬಿಎಗಿಂತ ಕಡಿಮೆ, ಅಲ್ಲಿ ಗೆಲ್ಲುವುದು ಸುಲಭ ಎನ್ನುವವರಿದ್ದಾರೆ. ಇರಬಹುದು. ಆದರೆ ಎನ್‌ಬಿಎಯಿಂದ ಅಲ್ಲಿಗೆ ಹೋದ ಹಲವರಿಗೆ ಅಲ್ಲಿ ನೆಲೆ ನಿಲ್ಲಲಾಗಲಿಲ್ಲ. ಚೀನಾದವರು ಸಂತರೆಂದೇನೂ ಅಲ್ಲ. ತಮ್ಮ ದೇಶವನ್ನು ಹೊಗಳುವ ಅಮೆರಿಕನ್ನನೊಬ್ಬ ಅವರಿಗೆ ಬೇಕಾಗಿದ್ದ, ಇವನು ಧಾರಾಳವಾಗಿ ಹೊಗಳಿದ. ಇಷ್ಟನ್ನೂ ಕಳೆದ ಮೇಲೆ ಉಳಿಯುವ ಮಾತೊಂದಿದೆ. ಅವನ ಅಮೆರಿಕದ ಕಡತ ತೈಯುವಾನಿನಲ್ಲಿ ಯಾರಿಗೂ ತಿಳಿಯದ್ದಲ್ಲ, ವ್ಯಾಸಲೀನಿನ ವಿಡಿಯೋ ಚೀನಾಕ್ಕೂ ತಲುಪಿತ್ತು. ತಿಳಿದೂ ಅವನಿಗೆ ಚೆಂಡು ಕೊಟ್ಟರು.

ಕೊನೆಯ ಪುಟ ಅಷ್ಟು ಸಿಹಿಯಲ್ಲ. 2017ರಲ್ಲಿ ಡಕ್ಸ್ ತಂಡ ಅವನನ್ನು ಆಟಗಾರನಾಗಿ ಮುಂದುವರಿಸಲು ಒಪ್ಪಲಿಲ್ಲ. ಸಹಾಯಕ ತರಬೇತುದಾರನಾಗು ಎಂದಿತು. ಅವನು ಇನ್ನೂ ಆಡುತ್ತೇನೆ ಎಂದ. ನಲವತ್ತರ ವಯಸ್ಸಿನಲ್ಲಿ, ತನ್ನ ಪ್ರತಿಮೆ ನಿಂತಿರುವ ಊರಿನಲ್ಲಿಯೇ, ಎದುರಾಳಿಯಾದ ಇನ್ನೊಂದು ಬೀಜಿಂಗ್ ತಂಡವನ್ನು ಸೇರಿಕೊಂಡ. 2018ರ ಫೆಬ್ರವರಿ 11ರಂದು ಕೊನೆಯ ಪಂದ್ಯ ಆಡಿ 20 ಅಂಕ ಗಳಿಸಿ ನಿವೃತ್ತನಾದ. 2019ರಲ್ಲಿ ಅದೇ ತಂಡಕ್ಕೆ ಮುಖ್ಯ ತರಬೇತುದಾರನಾದ. ತರಬೇತುದಾರರೊಂದಿಗೆ ಜಗಳವಾಡುತ್ತಿದ್ದವನು ತಾನೇ ಆ ಕುರ್ಚಿಯಲ್ಲಿ ಕುಳಿತಾಗ, ಎದುರುತ್ತರ ಕೊಡುವ ಹುಡುಗರನ್ನು ಹೇಗೆ ಕಂಡನೋ ನೋಡುವ ಕುತೂಹಲ ನನಗಿದೆ.

ಊರಿಗೆ ಮರಳಿದ ಮೇಲೆ ಒಂದು ದಿನ ಹಳೆಯ ಶಾಲೆಯ ಕಡೆ ಹೋಗಿದ್ದೆ. ಹಳೆಯ ಟಿ.ಸಿ. ಪುಸ್ತಕಗಳ ಉಳಿಕೆ ಪ್ರತಿಗಳು ಇವೆಯೇ ಎಂದು ವಿಚಾರಿಸಿದೆ. ಈಗಿನ ಮುಖ್ಯೋಪಾಧ್ಯಾಯಿನಿಯವರು ತಾಳ್ಮೆಯಿಂದ ಬೀರು ತೆಗೆಸಿದರು. 1996ರ ಪುಸ್ತಕ ಸಿಕ್ಕಿತು, ಅಂಚು ಗೆದ್ದಲು ತಿಂದಿದೆ. ನನ್ನ ಅಕ್ಷರ ಮಾತ್ರ ಸ್ಪಷ್ಟವಾಗಿಯೇ ಇದೆ. ಅದೇ ಹಾಳೆಯ ಹಿಂದುಮುಂದಿನ ಏಳೆಂಟು ಮಕ್ಕಳಿಗೆ 'ಉತ್ತಮ' ಎಂದು ಬರೆದಿದ್ದೇನೆ. ಅವರಲ್ಲಿ ಇಬ್ಬರ ನಡತೆ ನನಗೆ ಚೆನ್ನಾಗಿ ನೆನಪಿದೆ, ಉತ್ತಮವೇನೂ ಆಗಿರಲಿಲ್ಲ. ಅವರ ತಂದೆಯರು ಊರಿನಲ್ಲಿ ಬೇಕಾದವರು, ಅಷ್ಟೇ. ಸುಳ್ಳು ಬರೆಯಲಾರೆ ಎಂದಿದ್ದ ಮೇಷ್ಟರ ಅಕ್ಷರವೇ ಅದೂ.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. 1995-96ರಲ್ಲಿ ಒಂಬತ್ತನೆಯ 'ಬಿ' ವಿಭಾಗದಲ್ಲಿದ್ದವರಿಗೆ ಬರೆಯುವ ಅಗತ್ಯವೂ ಇಲ್ಲ. ನಿಮ್ಮಲ್ಲಿ ಹಲವರು ಇದನ್ನು ಓದುತ್ತೀರೆಂದು ಬಲ್ಲೆ. ಅವನಿಗೆ ಈಗ ನಲವತ್ತೈದು ದಾಟಿರಬೇಕು. ಅವನು ಎಲ್ಲಿದ್ದಾನೆಂದು ತಿಳಿದಿದ್ದರೆ ನನಗೆ ಒಂದು ಸಾಲು ಬರೆಯಿರಿ. ಆದರೆ ಫೋನ್ ನಂಬರನ್ನು ಅವನನ್ನು ಕೇಳದೆ ಕೊಡಬೇಡಿ. ಮೊದಲು ಕೇಳಿ. ಬೇಡವೆಂದರೆ ಬೇಡ.